ಇಬ್ರಿಯ ವೇದದಲ್ಲಿ ‘ನಿತ್ಯ’ವೆಂಬುದರ ಅರ್ಥ

ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನೂ ಅವನ ಸಹಾಯಕರೂ ಬಹುಕಾಲ ಶ್ರಮಿಸಿ 1831ರ ಹೊತ್ತಿಗೆ ಕ್ರೈಸ್ತರ ಸತ್ಯವೇದವನ್ನು ಸಮಗ್ರವಾಗಿ ಕನ್ನಡಿಸಿದರು. ಮುಂದೆ ಅದು ಪರಿಷ್ಕಾರಗಳನ್ನೂ ಹೊಂದಿತು. ಈ ಕನ್ನಡದಲ್ಲಿ ‘ನಿತ್ಯ’, ‘ಶಾಶ್ವತ’, ‘ಸದಾಕಾಲ’, ‘ಯುಗಯುಗ’ ಎಂಬ ಮಾತುಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಅಮರಸಿಂಹನು ನಿತ್ಯಶಾಶ್ವತಗಳನ್ನು ಪರ್ಯಾಯಪದಗಳೆಂದು ಒಂದೇ ಸಾಲಿನಲ್ಲಿ ಕೂಡ್ರಿಸಿರುವದರಿಂದ ವಾಚಕನು ವಿಚಾರಿಸದೆ ಮುಂದೆ ಸಾಗುತ್ತಾನೆ. ಆದರೆ ಮೂಲದ ಅಭಿಪ್ರಾಯವೂ ಅಷ್ಟೇ ವಿಸ್ತಾರವಾದದ್ದೋ ಎಂಬದು ಪರೀಕ್ಷಿಸತಕ್ಕ ವಿಷಯವಾಗಿದೆ.

ಮೂಲದಲ್ಲಿರುವ ಮುಖ್ಯಪದವು ‘ಓಲಾಮ್’. ಇಬ್ರಿಯ ಗ್ರಂಥಗಳಲ್ಲಿ ಇದರ ಪ್ರಯೋಗ 400ಕ್ಕೂ ಹೆಚ್ಚು. ಮರೆಯಾಗುವದೆಂಬರ್ಥದ ಧಾತುವಿನಿಂದ ಇದನ್ನು ಸಾಧಿಸುವ ಪಂಡಿತರುಂಟು. ಆ ವ್ಯುತ್ಪತ್ತಿ ನಿರ್ವಿವಾದವಲ್ಲ. ಯೋಗಕ್ಕಿಂತ ರೂಢಿಯೇ ಬಲವತ್ತರವಾದದ್ದರಿಂದ ಪ್ರಯೋಗವನ್ನೇ ನೋಡತಕ್ಕದ್ದು.

ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ, ಏಳನೆಯ ವರುಷ ಬಿಡುಗಡೆಯನ್ನೊಲ್ಲದ ದಾಸನ ಕಿವಿಯನ್ನು ಬಾಗಿಲಿಗೆ ಒತ್ತಿ ಚುಚ್ಚಿದರೆ ಅವನು ಒಡೆಯನಿಗೆ ‘ಓಲಾಮ್’ ದಾಸನು. ಇಲ್ಲಿ ಆ ಶಬ್ದವು ಆಯುಷ್ಯವನ್ನು ಮೀರಲಾರದು. ಯೆಹೂದ್ಯ ವ್ಯಾಖ್ಯಾನಕಾರರು ಇನ್ನೂ ಕಡಿಮೆಮಾಡಿ, 50ನೆಯ ವರುಷದ ಜೂಬಿಲಿಯವರೆಗೆ ಮಾತ್ರವೆಂದರು. ಹನ್ನಳು ಮಗನಾದ ಸಮುವೇಲನನ್ನು ದೇವಾಲಯದಲ್ಲಿ ‘ಓಲಾಮ್’ ಇರಲೆಂದು ಬಿಡುತ್ತಾಳೆ. ಅದೇ ಅಧ್ಯಾಯದ ಕೊನೆಗೆ ಅದನ್ನು ಅವನ ಜೀವಮಾನವೆಂದು ತಾನೇ ವಿವರಿಸುತ್ತಾಳೆ. ಮೀನಿನ ಹೊಟ್ಟೆಯಲ್ಲಿ ಮೂರು ದಿನವಿದ್ದ ಯೋನನು, ಭೂಮಿಯ ಅಗುಳಿಗಳು ತನ್ನನ್ನು ‘ಓಲಾಮ್’ ಮುಚ್ಚಿದವೆಂದು ಮೊರೆಯಿಡುತ್ತಾನೆ. ಸಂಕಟಪಡುವವನಿಗೆ ಕಡೆ ಕಾಣದ ಕಾಲವೇ ಓಲಾಮ್.

ಹಬಕ್ಕೂಕನ 3ನೆಯ ಅಧ್ಯಾಯವಂತೂ ಅತ್ಯಂತ ಬೋಧಪ್ರದ. ಅಲ್ಲಿ ‘ಓಲಾಮ್’ ಗುಡ್ಡಗಳು ಕುಸಿಯುತ್ತವೆ. ಅದೇ ವಾಕ್ಯದಲ್ಲಿ ದೇವರ ನಡೆಗಳು ಮಾತ್ರ ‘ಓಲಾಮ್’ ಎನಿಸುತ್ತವೆ. ಗೋಕಾವಿಯ ಗುಡ್ಡಗಳನ್ನು ನೋಡಿ ಬೆಳೆದವರಿಗೆ ಇದು ತಿಳಿಯದ ಮಾತಲ್ಲ. ಮನುಷ್ಯನ ಎಣಿಕೆಯಲ್ಲಿ ಅವು ಅನಾದಿ. ಘಟಪ್ರಭೆಯ ಎಣಿಕೆಯಲ್ಲಿ ಸವೆಯತಕ್ಕವು. ಶಬ್ದವೊಂದೇ, ವಿಶೇಷ್ಯದಂತೆ ಅದರ ಅಳತೆ.

ಹಾಗಾದರೆ ‘ನಿತ್ಯ’ವೆಂಬ ಭಾಷಾಂತರವು ತಪ್ಪೋ? ನೈಯಾಯಿಕರಿಗೆ ಹುಟ್ಟುಸಾವುಗಳೆರಡೂ ಇಲ್ಲದ ಆಕಾಶಾದಿಗಳೇ ನಿತ್ಯ. ಈ ಲಕ್ಷಣವನ್ನು ಓಲಾಮಿಗೆ ಹಚ್ಚಿದರೆ ದಾಸನೂ ಗುಡ್ಡವೂ ಆಕಾಶದ ಸಾಲಿಗೆ ಸೇರುವವು. ಆದರೆ ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ, ಸದಾ ನಗುವವನನ್ನೂ ಸದಾ ಹರಟುವವನನ್ನೂ ಲೋಕವು ನಿತ್ಯಶಬ್ದದಿಂದ ಕರೆಯುವದನ್ನು ತೋರಿಸಿದ್ದಾನೆ. ಹುಕ್ಕೇರಿ ಮೂಡಲಗಿಗಳಲ್ಲಿಯೂ ‘ಕಾಯಮ್’ ನೌಕರಿ ಎಂದರೆ ನಿವೃತ್ತಿಯವರೆಗಿನದೆಂದೇ ಎಲ್ಲರೂ ತಿಳಿಯುತ್ತಾರೆ. ಆದದರಿಂದ ದೋಷವಿರುವದು ಶಬ್ದದಲ್ಲಲ್ಲ, ಶಾಸ್ತ್ರದ ಲಕ್ಷಣವನ್ನು ಲೋಕದ ಮಾತಿಗೆ ಹೇರುವ ಓದಿನಲ್ಲಿ.

‘ಯುಗಯುಗ’ವು ಕಾಲದ ದೀರ್ಘತೆಯನ್ನು ಚೆನ್ನಾಗಿ ಸೂಚಿಸುತ್ತದೆ, ಆದರೆ ಪುರಾಣದಲ್ಲಿ ಕಲಿಯುಗಕ್ಕೆ 4,32,000 ವರುಷಗಳೆಂಬ ಲೆಕ್ಕವಿದೆ, ಓಲಾಮಿಗೆ ಲೆಕ್ಕವಿಲ್ಲ. ಕನ್ನಡದ ದಾನಶಾಸನಗಳ ‘ಆಚಂದ್ರಾರ್ಕ’ವೇ ಅದಕ್ಕೆ ಸಮೀಪದ ಬಂಧು. 72ನೆಯ ಕೀರ್ತನೆಯೂ ಅರಸನ ಬಾಳಿಕೆಯನ್ನು ಸೂರ್ಯಚಂದ್ರರಿಂದಲೇ ಅಳೆಯುತ್ತದೆ. ದಾನಕೊಟ್ಟವನು ಅನಂತವನ್ನು ಸಿದ್ಧಾಂತಮಾಡಲಿಲ್ಲ. ತನ್ನ ಕಣ್ಣಿಗೆ ಕಾಣುವ ಕಾಲವೆಲ್ಲ ಮಾತು ಕೆಡದಿರಲೆಂದು ಬಯಸಿದನು.

ಈ ವಿಚಾರವು ಕೇವಲ ಶಬ್ದವಿನೋದವಲ್ಲ. ದಾನಿಯೇಲನ 12ನೆಯ ಅಧ್ಯಾಯದಲ್ಲಿ ಮಣ್ಣಿನಿಂದ ಎದ್ದವರಲ್ಲಿ ಕೆಲವರಿಗೆ ಜೀವವೂ ಕೆಲವರಿಗೆ ನಿಂದೆಯೂ ಹೇಳಲ್ಪಟ್ಟಿವೆ. ಎರಡಕ್ಕೂ ಓಲಾಮೇ ವಿಶೇಷಣ. ದಂಡನೆಗೆ ಹೆದರಿ ನಿಂದೆಯ ಓಲಾಮನ್ನು ಮಾತ್ರ ಗಿಡ್ಡಮಾಡುವದೂ, ಎದುರಾಳಿಯನ್ನು ಹೆದರಿಸಲು ಅದನ್ನಷ್ಟೇ ಉದ್ದಮಾಡುವದೂ ಅರ್ಧಜರತೀಯ ನ್ಯಾಯವಾಗುವದು. ಅಲ್ಲಿಯ ಸಿದ್ಧಾಂತವನ್ನು ಪ್ರಕರಣದಿಂದ ಸಾಧಿಸಬೇಕೇ ಹೊರತು ಒಂದು ಪದದ ಬಲದಿಂದಲ್ಲ.

ಮುಂದಿನ ಪರಿಷ್ಕಾರಕರು ದಾಸನ ಪ್ರಕರಣದಲ್ಲಿ ‘ಬದುಕಿರುವತನಕ’ ಎಂದೂ, ಗುಡ್ಡಗಳಿಗೆ ‘ಪುರಾತನ’ವೆಂದೂ, ದೇವರಿಗೆ ಮಾತ್ರ ‘ಆದ್ಯಂತರಹಿತ’ವೆಂಬ ಅರ್ಥ ಹೊಳೆಯುವಂತೆ ‘ನಿತ್ಯ’ವೆಂದೂ ಬರೆದರೆ ಕನ್ನಡಕ್ಕೆ ಪದದಾರಿದ್ರ್ಯವೇನೂ ಬಾರದು, ಮೂಲಕ್ಕೆ ನ್ಯಾಯವು ದೊರೆಯುವದು.