ಸಾಕ್ಷಿಯನ್ನು ನ್ಯಾಯಾಧೀಶನಾಗಿಸಬೇಡಿ

ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬ ವಿವಾದವನ್ನು ಗುರುತ್ವ ಅಲೆಗಳೂ ರೇಡಿಯೋ ಸ್ಫೋಟಗಳೂ ಇನ್ನೇನು ಬಗೆಹರಿಸಿಬಿಡುತ್ತವೆ ಎಂಬ ಮಾತು ಪತ್ರಿಕೆಗಳಲ್ಲೂ ಶಿವಮೊಗ್ಗ, ಭದ್ರಾವತಿಯ ಉಪನ್ಯಾಸಗಳಲ್ಲೂ ಕೇಳಿಬರುತ್ತದೆ. ನಾನು ಒಪ್ಪಲಾರೆ.

ವಿವಾದವೇನೋ ನಿಜ. ಪ್ಲಾಂಕ್ ಉಪಗ್ರಹದ ಲೆಕ್ಕದಲ್ಲಿ ಹಬಲ್ ಸ್ಥಿರಾಂಕ, ಅಂದರೆ ವಿಶ್ವ ಹಿಗ್ಗುವ ದರ, ಸುಮಾರು 67. ಸೂಪರ್‌ನೋವಾಗಳ ದೂರ ಅಳೆದವರಿಗೆ ಸಿಕ್ಕಿದ್ದು 73ರ ಆಸುಪಾಸು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ ಗುರುತ್ವ ಅಲೆಯಾಗಿಯೂ ಬೆಳಕಾಗಿಯೂ ನಮ್ಮನ್ನು ತಲುಪಿತು. ಅಲೆಯಿಂದ ದೂರ ತಿಳಿಯಿತು, ಡಿಕ್ಕಿ ನಡೆದ ಗೆಲಾಕ್ಸಿಯ ಬೆಳಕಿನಿಂದ ಅದು ಸರಿಯುವ ವೇಗ. ಉತ್ತರ 70. ಆದರೆ ಅದರ ಅನಿಶ್ಚಿತತೆ 62ರಿಂದ 82ರವರೆಗೆ ಚಾಚಿತ್ತು. ವಾದಿ, ಪ್ರತಿವಾದಿ ಇಬ್ಬರೂ ಅದರೊಳಗೇ ಇದ್ದಾರೆ! ಆ ಜೋಡಿ ನಮಗೆ ಎಷ್ಟು ಓರೆಯಾಗಿ ಸುತ್ತುತ್ತಿತ್ತೆಂಬುದು ಖಚಿತವಾಗದೆ ದೂರವೂ ಖಚಿತವಾಗದು. ಅಷ್ಟು ಸ್ಪಷ್ಟವಾಗಿ ಬೆಳಕೂ ಜೊತೆಗೂಡಿದ ಘಟನೆ ಆಮೇಲೆ ಸಿಕ್ಕಿಲ್ಲ.

ದೂರದ ಗೆಲಾಕ್ಸಿಗಳಿಂದ ಬರುವ ಕ್ಷಣಿಕ ರೇಡಿಯೋ ಸ್ಫೋಟದ್ದು ಇನ್ನೂ ತೊಡಕು. ಅದರ ಕಡಿಮೆ ಆವರ್ತನದ ಅಲೆ ತಡವಾಗಿ ಬರುತ್ತದೆ. ಆ ತಡ ಹೇಳುವುದು ದಾರಿಯಲ್ಲಿದ್ದ ಎಲೆಕ್ಟ್ರಾನುಗಳ ಲೆಕ್ಕವನ್ನು, ದೂರವನ್ನಲ್ಲ. ಅದರಲ್ಲಿ ಸ್ಫೋಟ ಹುಟ್ಟಿದ ಗೆಲಾಕ್ಸಿಯ ಪಾಲೆಷ್ಟು ಎಂಬುದನ್ನು ಅಂದಾಜಿನಿಂದಲೇ ಕಳೆಯಬೇಕು. ಅಂದಾಜು ಬದಲಾದರೆ ಉತ್ತರವೂ ಬದಲು. ಹಳೆಯ ವಿಧಾನಗಳ ತಪ್ಪುಗಳು ಈ ಎರಡು ಹೊಸ ವಿಧಾನಗಳಿಗಿಲ್ಲ ಎಂಬುದೇ ಇವುಗಳ ದೊಡ್ಡ ಗುಣ. ಆದರೆ ಇವಕ್ಕೆ ಇವುಗಳದೇ ತಪ್ಪುಗಳಿವೆ.

ಹೊಸ ಅಳತೆಯನ್ನು ಆತುರದಿಂದ ನಂಬಿದರೆ ಏನಾಗುತ್ತದೆಂಬುದನ್ನು, ಬೇರೊಂದು ವಿಷಯದಲ್ಲಿ, ಶರಾವತಿಯ ಹಿನ್ನೀರು ಆಗಲೇ ಕಲಿಸಿದೆ. ಆಸ್ಟ್ರೇಲಿಯಾದಲ್ಲಿದ್ದ ಎಡ್ಜಸ್ ಉಪಕರಣ ಮೊದಲ ನಕ್ಷತ್ರಗಳ ಕಾಲದ ರೇಡಿಯೋ ಗುರುತನ್ನು ಕಂಡಿದೆಯೆಂದು 2018ರಲ್ಲಿ ಪ್ರಕಟವಾಯಿತು. ನಿರೀಕ್ಷೆಗಿಂತ ಆಳವಾಗಿದ್ದ ಆ ಗುರುತನ್ನು ವಿವರಿಸಲು ಕಪ್ಪುದ್ರವ್ಯದ ಹೊಸ ಸಿದ್ಧಾಂತಗಳೇ ಹುಟ್ಟಿಕೊಂಡವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಅದನ್ನು ಮತ್ತೆ ಅಳೆಯಹೊರಟರು. ಆಂಟೆನಾದ ಕೆಳಗಿನ ನೆಲದ ಪದರಗಳು ಅಳತೆ ಕೆಡಿಸಬಹುದೆಂದು, 2020ರಲ್ಲಿ ತಮ್ಮ ಸಾರಸ್-3 ಉಪಕರಣವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. 2022ರಲ್ಲಿ ಫಲಿತಾಂಶ ಬಂತು: ಎಡ್ಜಸ್ ಹೇಳಿದ ಗುರುತು ಆಕಾಶದ್ದಲ್ಲ, ಶೇ 95.3ರ ವಿಶ್ವಾಸದಲ್ಲಿ. ನಾಲ್ಕು ವರ್ಷ ಚರ್ಚೆಯಲ್ಲಿದ್ದ ಗುರುತನ್ನು ಮಲೆನಾಡಿನ ನೀರಿನ ಮೇಲೆ ಪ್ರಶ್ನಿಸಿದ ಈ ಕೆಲಸ ಯಾವ ಹೊಸ ಸಿದ್ಧಾಂತಕ್ಕೂ ಕಡಿಮೆಯದಲ್ಲ.

ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ, ಶಿವಮೊಗ್ಗ, ಭದ್ರಾವತಿಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಹೇಳಿಕೊಡುವವರಲ್ಲಿ ನನ್ನ ವಿನಂತಿ ಇಷ್ಟೇ: ಬೋರ್ಡಿನ ಮೇಲೆ 70 ಎಂದಷ್ಟೇ ಬರೆದು ನಿಲ್ಲಿಸಬೇಡಿ, ಪಕ್ಕದಲ್ಲಿ 62 ಮತ್ತು 82 ಅನ್ನೂ ಬರೆಯಿರಿ.