ಎರಕದ ಮನೆಯಿಂದ ನೊಯ್ಯಲ್ ದಂಡೆಗೆ

ಪದವಿ ಮೂರು ವರ್ಷದ್ದಿರಬೇಕೋ ನಾಲ್ಕು ವರ್ಷದ್ದೋ ಎಂಬ ಚರ್ಚೆಯಲ್ಲೇ ಕರ್ನಾಟಕ ಕೆಲವು ವರ್ಷ ಕಳೆಯಿತು. 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಹೋಯಿತು. ಆ ನಾಲ್ಕನೇ ವರ್ಷದಲ್ಲಿ ಸಂಶೋಧನೆ ಮಾಡಬೇಕಿದ್ದ ಹುಡುಗ ಹುಡುಗಿಯರು ಏನನ್ನು ಮುಟ್ಟಬೇಕಿತ್ತು, ಏನನ್ನು ಅಳೆಯಬೇಕಿತ್ತು, ಯಾರಿಗೆ ಉತ್ತರ ಹೇಳಬೇಕಿತ್ತು ಎಂಬ ಮಾತು ಎದ್ದದ್ದು ಕಡಿಮೆ. ಈ ಪ್ರಶ್ನೆಯನ್ನು ಇಟ್ಟುಕೊಂಡು ಗಡಿಯಾಚೆಯ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳನ್ನು ನೋಡುವುದು ಒಳ್ಳೆಯದು. ಕೈಯಿಂದ ಕಲಿಸುವ ಪದ್ಧತಿ ಅಲ್ಲಿ ಯಾವ ನೀತಿಗೂ ಕಾಯದೆ ಬೆಳೆದಿದೆ.

ಕೊಯಮತ್ತೂರಿನ ಪೀಳಮೇಡಿನ ಪಿಎಸ್‌ಜಿ ತಾಂತ್ರಿಕ ಕಾಲೇಜು ಶುರುವಾದದ್ದು 1951ರಲ್ಲಿ. ಅದನ್ನು ನಡೆಸುವ ಪಿಎಸ್‌ಜಿ ಅಂಡ್ ಸನ್ಸ್ ಚಾರಿಟೀಸ್ 1926ರಷ್ಟು ಹಳೆಯದು. ಅದರ ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ಪಂಪು, ಮೋಟಾರುಗಳು ತಯಾರಾಗುತ್ತಿದ್ದವು. ಹೀಗೆ ಮೊದಲು ಕಾರ್ಖಾನೆ, ಆಮೇಲೆ ಕಾಲೇಜು. ಈ ಅನುಕ್ರಮ ಸಣ್ಣ ಸಂಗತಿಯಲ್ಲ. ಕಾಲೇಜಿನ ಐದು ವರ್ಷದ ಸ್ಯಾಂಡ್‌ವಿಚ್ ಎಂಜಿನಿಯರಿಂಗ್ ಪದವಿಯಲ್ಲಿ ತರಗತಿಯ ಪಾಠದ ನಡುನಡುವೆ ಕಾರ್ಖಾನೆಯ ಕೆಲಸವೂ ಬರುತ್ತದೆ. ಬೇರೆ ಕಾಲೇಜುಗಳ ವರ್ಕ್‌ಶಾಪಿನಲ್ಲಿ ಹುಡುಗರು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ, ಅಂಕ ಪಡೆದು, ಅಲ್ಲೇ ಬಿಸಾಡಿ ಬರುತ್ತಾರೆ. ಕಾರ್ಖಾನೆಯಲ್ಲಿ ಮಾಡಿದ ವಸ್ತುವಿಗೆ ಕೊಳ್ಳುವವನಿದ್ದಾನೆ.

ಎರಕದ ಮನೆಯಲ್ಲಿ ಇದು ಎದ್ದು ಕಾಣುತ್ತದೆ. ಪಂಪಿನ ಕೇಸಿಂಗ್ ಎರೆಯುವ ಮೊದಲು ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಗಿಯಾಗಿ ಅದುಮಬೇಕು. ಬೆರಳ ಗುರುತು ಸ್ಪಷ್ಟವಾಗಿ ಮೂಡಬೇಕು. ಉಂಡೆಯನ್ನು ಮುರಿದರೆ ಉದುರದೆ ನೇರವಾಗಿ ಎರಡಾಗಬೇಕು. ತೇವ ಹೆಚ್ಚಾಗಿದ್ದರೆ ಕಾದ ಲೋಹ ತಾಗಿದ ಕ್ಷಣ ನೀರು ಆವಿಯಾಗುತ್ತದೆ, ಹೊರಬರಲು ದಾರಿಯಿಲ್ಲದೆ ಲೋಹದೊಳಗೆ ಗುಳ್ಳೆಯಾಗಿ ಉಳಿಯುತ್ತದೆ. ಮೇಲ್ನೋಟಕ್ಕೆ ಕೇಸಿಂಗ್ ಚೆನ್ನಾಗಿಯೇ ಇರುತ್ತದೆ. ಲೇತಿನ ಮೇಲೆ ಒಂದು ಪದರ ಕೆತ್ತಿದಾಗ ತೂತು ಬಾಯಿ ತೆರೆಯುತ್ತದೆ. ಅಲ್ಲೂ ಕಣ್ತಪ್ಪಿದರೆ ನೀರಿನ ಒತ್ತಡದ ಪರೀಕ್ಷೆಯಲ್ಲಿ ಜಿನುಗುತ್ತದೆ. ಅಷ್ಟು ಹೊತ್ತಿಗೆ ಮೂರು ಜನರ ದುಡಿಮೆ ಗುಜರಿಗೆ ಹೋಗಿರುತ್ತದೆ. ತನ್ನ ಮುಷ್ಟಿಯ ಅಂದಾಜು ತಪ್ಪಿದ್ದಕ್ಕೆ ಇನ್ನೊಬ್ಬರ ಶ್ರಮ ಹಾಳಾಯಿತೆಂದು ಹತ್ತೊಂಬತ್ತರ ವಯಸ್ಸಿನಲ್ಲಿ ತಿಳಿದುಕೊಳ್ಳುವುದು ದೊಡ್ಡ ವಿದ್ಯೆ. ಇದನ್ನು ಕಲಿಸುವ ಪದವಿಯ ಮೇಲೆ ನನಗೆ ನಿಜವಾದ ಗೌರವವಿದೆ.

ಕೊಯಮತ್ತೂರಿನ ಉದ್ಯಮಿ ಜಿ.ಡಿ. ನಾಯ್ಡು ಇದನ್ನೇ ಇನ್ನೂ ಕಟುವಾಗಿ ಹೇಳಿದವರು. 1937ರಲ್ಲಿ ಡಿ. ಬಾಲಸುಂದರಂ ಅವರ ಜೊತೆ ದೇಶೀಯ ವಿದ್ಯುತ್ ಮೋಟಾರು ತಯಾರಿಸಿದ ಅವರು 1945ರಲ್ಲಿ ಕೊಯಮತ್ತೂರಿನಲ್ಲಿ ತಾಂತ್ರಿಕ ಶಿಕ್ಷಣ ಸಂಸ್ಥೆ ಕಟ್ಟಲು ಮುಂದಾದರು. ಎಂಜಿನಿಯರಿಂಗ್ ಕಲಿಯಲು ನಾಲ್ಕು ವರ್ಷ ಬೇಡ, ಎರಡು ಸಾಕು ಎಂಬುದು ಅವರ ವಾದ. ಸರ್ಕಾರ ಒಪ್ಪಲಿಲ್ಲ, ಅವರು ಹೊರಬಂದರು. ಯಂತ್ರ ಕಟ್ಟಲು ಬೇಕಾದ ವಿದ್ಯೆಯ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿದೆ. ಯಂತ್ರದ ಬಗ್ಗೆ ಯಾರೂ ಕೇಳದ ಪ್ರಶ್ನೆ ಕೇಳಲು ಬೇಕಾದ ವಿದ್ಯೆಗೆ ಆ ಲೆಕ್ಕ ಸಾಲದು.

ಇಲ್ಲಿಯೇ ನನ್ನ ಆಕ್ಷೇಪ ಶುರುವಾಗುತ್ತದೆ. ಎರಕದ ಮನೆಯ ಪ್ರಶ್ನೆಗೆ ಉತ್ತರ ಮೇಸ್ತ್ರಿಗೆ ಮೊದಲೇ ಗೊತ್ತು. ವಿದ್ಯಾರ್ಥಿ ಆ ಉತ್ತರವನ್ನು ತನ್ನ ಕೈಗೆ ತಂದುಕೊಳ್ಳುತ್ತಾನೆ. ಅದು ಬೇಕೇ ಬೇಕು, ಆದರೆ ಅದನ್ನು ಸಂಶೋಧನೆ ಎಂದು ಕರೆಯಲಾಗದು. ನಮ್ಮ ಪಠ್ಯಕ್ರಮಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಎರಡಕ್ಕೂ ಅನ್ಯಾಯ ಮಾಡುತ್ತಿವೆ.

ಊರಿನ ಇನ್ನೊಂದು ಬದಿಯಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವಿದೆ. ಮದ್ರಾಸಿನ ಸೈದಾಪೇಟೆಯಲ್ಲಿ ಹುಟ್ಟಿದ ಕೃಷಿ ಶಾಲೆ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಇಲ್ಲಿಗೆ ಬಂದು, 1971ರಲ್ಲಿ ವಿಶ್ವವಿದ್ಯಾಲಯವಾಯಿತು. ಕೃಷಿ ಪದವಿಯ ಕೊನೆಯ ವರ್ಷದವರು ಹಳ್ಳಿಗಳಲ್ಲಿ ಉಳಿದು ಮಾಡುವ ಗ್ರಾಮೀಣ ಕೃಷಿ ಕಾರ್ಯಾನುಭವ ನಮ್ಮ ಬೆಂಗಳೂರು, ಧಾರವಾಡದ ಕೃಷಿ ವಿದ್ಯಾರ್ಥಿಗಳಿಗೂ ಚಿರಪರಿಚಿತ. ಕೊಯಮತ್ತೂರು ಸೀಮೆಯ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಒಕ್ಕಲಿಗ ಗೌಡರೂ ದೇವಾಂಗ ನೇಕಾರರೂ ಇದ್ದಾರೆ. ಪುಸ್ತಕದ ತಮಿಳಿನಲ್ಲಿ ಮಾತು ತೆಗೆದ ವಿದ್ಯಾರ್ಥಿಗೆ ಇಂಥ ಮನೆಯ ಅಜ್ಜಿಯ ಉತ್ತರ ಅರ್ಥವಾಗಲು ತಾಳ್ಮೆ ಬೇಕು. ಆ ತಾಳ್ಮೆಯೂ ಕಲಿಕೆಯೇ.

ಈ ಕಾರ್ಯಕ್ರಮದ ಒಳ್ಳೆಯ ಭಾಗ ಮಣ್ಣಿನಲ್ಲಿದೆ. ಹೊಲದ ಹತ್ತಾರು ಕಡೆ ಅಂಕುಡೊಂಕಾಗಿ ನಡೆದು, ಹದಿನೈದು ಸೆಂಟಿಮೀಟರ್ ಆಳಕ್ಕೆ ಇಂಗ್ಲಿಷ್‌ನ ವಿ ಆಕಾರದ ಗುಂಡಿ ತೋಡಿ, ಬದಿಯಿಂದ ತೆಳ್ಳನೆ ಹೋಳು ಕೆರೆದು ಒಟ್ಟುಗೂಡಿಸುತ್ತಾರೆ. ಅದನ್ನು ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಎಸೆಯುತ್ತ ಹೋಗಿ, ಕೊನೆಗೆ ಅರ್ಧ ಕಿಲೋ ಉಳಿಸುತ್ತಾರೆ. ಗೊಬ್ಬರದ ಗುಂಡಿಯ ಪಕ್ಕ, ಬದುವಿನ ಅಂಚು, ಮರದ ನೆರಳು ಬಿಡಬೇಕು. ಯಾಕೆ ಬಿಡಬೇಕೆಂದು ಅರಿತವನಿಗೆ ಮಾದರಿ ಎಂದರೇನು ಎಂಬುದು ಸಂಖ್ಯಾಶಾಸ್ತ್ರದ ಪಾಠಕ್ಕಿಂತ ಚೆನ್ನಾಗಿ ಅರ್ಥವಾಗಿರುತ್ತದೆ.

ದುರ್ಬಲ ಭಾಗವೂ ಇದೆ. ಊರವರನ್ನು ಕೂರಿಸಿ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಹಳ್ಳಿಯ ನಕ್ಷೆ ಬಿಡಿಸುವ ಸಹಭಾಗಿತ್ವ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. ಊರವರು ತಮ್ಮ ನೀರು, ದಾರಿ, ಬಾವಿಗಳನ್ನು ತಾವೇ ಗುರುತಿಸಿ ವಾದಿಸಲಿ ಎಂಬುದು ಅದರ ಉದ್ದೇಶ. ಎಷ್ಟೋ ಕಡೆ, ಕರ್ನಾಟಕದಲ್ಲೂ, ವಿದ್ಯಾರ್ಥಿಗಳೇ ಚೆಂದದ ಚಿತ್ರ ಬಿಡಿಸಿ, ಸುತ್ತ ನಿಂತು, ಫೋಟೊ ತೆಗೆಸಿಕೊಂಡು ರೆಕಾರ್ಡ್ ಪುಸ್ತಕಕ್ಕೆ ಅಂಟಿಸುತ್ತಾರೆ. ತಂಡ ಹೊರಟ ಮೇಲೆ ಹಳ್ಳಿಯಲ್ಲಿ ಏನೂ ಉಳಿಯುವುದಿಲ್ಲ. ಮುಂದಿನ ವರ್ಷ ಬೇರೆ ತಂಡ, ಅದೇ ಪ್ರಶ್ನೆಪಟ್ಟಿ.

ಸಂಶೋಧನೆಗೆ ಬೇಕಾದ ಕಾಲ ಎಷ್ಟು ಎಂಬುದಕ್ಕೆ ಸಾಕ್ಷಿ ಅದೇ ಊರಿನಲ್ಲಿದೆ. 1912ರಲ್ಲಿ ಆರಂಭವಾದ ಕಬ್ಬು ತಳಿ ಸಂಸ್ಥೆಯ ಕೋ 86032 ಮಂಡ್ಯ, ಬೆಳಗಾವಿಯ ರೈತರ ಬಾಯಲ್ಲಿರುವ ತಳಿ. ಆ 86 ಎಂಬುದು 1986ನೇ ಇಸವಿ; ತಳಿ ಬಿಡುಗಡೆಯಾದದ್ದು 2000ದಲ್ಲಿ. ಒಬ್ಬರು ಬರೆದಿಟ್ಟದ್ದನ್ನು ಇನ್ನೊಬ್ಬರು ನಂಬಿ ಮುಂದುವರಿಸಿದರಷ್ಟೇ ಇಂಥ ಕೆಲಸ ಸಾಗುತ್ತದೆ. ಪದವಿ ವಿದ್ಯಾರ್ಥಿಗೆ ಸಿಗುವುದು ಒಂದು ಸೆಮಿಸ್ಟರ್. ಆ ಸೆಮಿಸ್ಟರನ್ನು ಸರಪಳಿಯ ಕೊಂಡಿಯಾಗಿಸುವ ಏರ್ಪಾಡು ಇಲ್ಲದಿದ್ದರೆ ಅದರಿಂದ ಸಂಶೋಧನೆ ಹುಟ್ಟುವುದು ಕಷ್ಟ.

ನೊಯ್ಯಲ್ ನದಿಯ ವಿಷಯದಲ್ಲಿ ಈ ಕೊರತೆ ನನ್ನನ್ನು ಬಹಳ ಕಾಡುತ್ತದೆ. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು ದಾಟಿ, ತಿರುಪ್ಪೂರಿನ ಬಣ್ಣದ ಘಟಕಗಳ ನಡುವೆ ಹರಿದು ಕಾವೇರಿ ಸೇರುವ ನದಿ ಅದು. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಿಡಿಯಲು ಉಪ್ಪು ಧಾರಾಳವಾಗಿ ಬೇಕು. ನೀರಿನಿಂದ ಬಣ್ಣ ತೆಗೆದರೂ ಉಪ್ಪು ಉಳಿಯುತ್ತದೆ. ಚೆನ್ನಿಮಲೈ ಬಳಿ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ತ್ಯಾಜ್ಯದ ತೊಟ್ಟಿಯಾಯಿತು; ಕೆಳಗಿನ ರೈತರೇ ಆ ನೀರು ಬೇಡವೆಂದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಿತು. ಒಂದು ಹನಿಯೂ ಹೊರಬಿಡದೆ, ನೀರನ್ನೂ ಉಪ್ಪನ್ನೂ ಮರಳಿ ಪಡೆಯುವ ವ್ಯವಸ್ಥೆ ಬಂದದ್ದು ಆ ಒತ್ತಡದಿಂದ. ರಸಾಯನಶಾಸ್ತ್ರ, ಜವಳಿ, ಕೃಷಿ, ಕಾನೂನು, ಅರ್ಥಶಾಸ್ತ್ರ ಎಲ್ಲವೂ ಬೆರೆತ ಇಂಥ ಜೀವಂತ ಪ್ರಶ್ನೆ ಎಷ್ಟು ವಿಶ್ವವಿದ್ಯಾಲಯಗಳ ಬಾಗಿಲಲ್ಲಿದೆ?

ವೇಳಾಪಟ್ಟಿ ಮಾತ್ರ ನದಿಗೆ ಬೆನ್ನು ಹಾಕಿದೆ. ಕೊನೆಯ ವರ್ಷದ ಪ್ರಾಜೆಕ್ಟ್ ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್. ಈ ಸೀಮೆಗೆ ಹಿಂಗಾರು ಬರುವುದು ಅಕ್ಟೋಬರ್, ನವೆಂಬರಿನಲ್ಲಿ. ಉಪ್ಪು ಮಳೆಯಲ್ಲಿ ಎಷ್ಟು ತೊಳೆದುಹೋಯಿತು, ಬಾವಿಗೆ ಎಷ್ಟು ಇಳಿಯಿತು ಎಂದು ತಿಳಿಯಬೇಕಾದರೆ ಎರಡೂ ಕಾಲದ ಅಳತೆ ಬೇಕು, ಅದೂ ವರ್ಷಾನುಗಟ್ಟಲೆ. ಬೇಸಿಗೆಯಲ್ಲಿ ನಾಲ್ಕು ಬಾಟಲಿ ನೀರು ತಂದು ಪರೀಕ್ಷಿಸಿದರೆ ವರದಿ ಸಿಗುತ್ತದೆ, ತಿಳಿವಳಿಕೆ ಸಿಗುವುದಿಲ್ಲ.

ಇದಕ್ಕೆ ದುಬಾರಿ ಪ್ರಯೋಗಾಲಯ ಬೇಡ. ಗೊತ್ತುಮಾಡಿದ ಸೇತುವೆಗಳು, ಗೊತ್ತುಮಾಡಿದ ಬಾವಿಗಳು, ಕರಗಿದ ಲವಣಾಂಶ ಅಳೆಯುವ ಕೈಮೀಟರು, ಒಂದು ತಂಡ ಇನ್ನೊಂದಕ್ಕೆ ಒಪ್ಪಿಸುವ ದಾಖಲೆ ಪುಸ್ತಕ ಸಾಕು. ಬಾವಿಯ ಒಡೆಯನಿಗೆ ತನ್ನ ಬಾವಿಯ ಅಂಕಿಯನ್ನು ಅವನ ಭಾಷೆಯಲ್ಲಿ ಬರೆದ ಚೀಟಿ ಪ್ರತಿ ಸಲವೂ ತಲುಪಬೇಕು. ಇನ್ನೊಂದು ಬದಲಾವಣೆ ಅಂಕಪಟ್ಟಿಯಲ್ಲಿ ಆಗಬೇಕು. ಈಗ ಅಂಕ ಬೀಳುವುದು ಬೈಂಡು ಮಾಡಿಸಿದ ವರದಿಗೆ ಮತ್ತು ವೈವಾಕ್ಕೆ. ಹಿಂದಿನ ತಂಡದ ಅಳತೆಯನ್ನು ಮತ್ತೆ ಮಾಡಿ ತಪ್ಪು ಹಿಡಿದವರಿಗೆ, ಮುಂದಿನ ತಂಡ ಸಂದೇಹವಿಲ್ಲದೆ ಓದಬಹುದಾದ ದಾಖಲೆ ಬಿಟ್ಟುಹೋದವರಿಗೆ ಅರ್ಧದಷ್ಟಾದರೂ ಅಂಕ ಮೀಸಲಿಡಲಿ.