ಕಂಬಚಿಗುರು ತೆಗೆದ ಮಿದುಳಿನ ನಕ್ಷೆ

ಕೊಡಗಿನ ಹುದಿಕೇರಿಯ ಕಡೆ ಹಣ್ಣು ಕಾಫಿಯನ್ನು ಪಲ್ಪ್ ಮಾಡಿದ ಮರುದಿನ ಸಿಪ್ಪೆಯ ರಾಶಿ ಹುಳಿವಾಸನೆ ಬಿಡುತ್ತದೆ. ಅದರ ಮೇಲೆ ಕೆಂಗಣ್ಣಿನ ಪುಟ್ಟ ನೊಣಗಳು ಮುತ್ತಿಕೊಳ್ಳುತ್ತವೆ. ಅಂಥದೇ ಒಂದು ಹೆಣ್ಣು ಹಣ್ಣುನೊಣದ ಇಡೀ ಮಿದುಳಿನ ನಕ್ಷೆ 2024ರ ಅಕ್ಟೋಬರ್‌ನಲ್ಲಿ ಫ್ಲೈವೈರ್ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಮಿದುಳನ್ನು 40 ನ್ಯಾನೋಮೀಟರ್ ದಪ್ಪದ 7,000ಕ್ಕೂ ಹೆಚ್ಚು ಪದರಗಳಾಗಿ ಕೊಯ್ದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಕಂಪ್ಯೂಟರ್ ಗುರುತಿಸಿದ ಎಳೆಗಳನ್ನು ಮನುಷ್ಯರು ಕೂತು ತಿದ್ದಿದರು. ಆ ತಿದ್ದುವಿಕೆಯೊಂದನ್ನೇ ಒಬ್ಬರು ಮಾಡಿದ್ದರೆ 33 ವರ್ಷ ಹಿಡಿಯುತ್ತಿತ್ತು. ಸಿಕ್ಕಿದ್ದು 1,39,255 ನರಕೋಶಗಳು, ಅವುಗಳ ನಡುವೆ ಐದು ಕೋಟಿಗೂ ಮೀರಿದ ಸಂಪರ್ಕಗಳು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇವರಾಜನ್ ಶ್ರೀಧರನ್ ಅವರ ತಂಡ 2022ರಲ್ಲಿ ನೇಚರ್ ಕಂಪ್ಯುಟೇಶನಲ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ರಿಯಲ್-ಲೈಫ್ ಎಂಬ ವಿಧಾನ ಕೂಡ ಮಿದುಳಿನ ಸಂಪರ್ಕಗಳ ಕುರಿತದ್ದೇ. ಆದರೆ ಅದು ನೊಣದ ನಕ್ಷೆಯ ಜಾತಿಗೆ ಸೇರಿದ್ದಲ್ಲ. ಈ ವ್ಯತ್ಯಾಸ ತಿಳಿಯದೆ ಹೊಗಳಿದರೆ ಬೆಂಗಳೂರಿನ ಕೆಲಸಕ್ಕೇ ಅನ್ಯಾಯ.

ಜೀವಂತ ಮನುಷ್ಯನ ಮಿದುಳನ್ನು ಕೊಯ್ಯಲಾಗದು. ಅದರ ಬದಲು ಎಂ.ಆರ್.ಐ. ಯಂತ್ರ ಮಿದುಳಿನೊಳಗಿನ ನೀರಿನ ಅಣುಗಳು ಯಾವ ದಿಕ್ಕಿಗೆ ಸುಲಭವಾಗಿ ಸರಿಯುತ್ತವೆ ಎಂಬುದನ್ನು ಅಳೆಯುತ್ತದೆ. ನರತಂತುಗಳ ಉದ್ದಕ್ಕೆ ನೀರು ಸಲೀಸಾಗಿ ಸರಿಯುವುದರಿಂದ, ಆ ದಿಕ್ಕುಗಳನ್ನು ಜೋಡಿಸಿ ಕಂಪ್ಯೂಟರ್ ದಾರಿಗಳನ್ನು ಎಳೆಯುತ್ತದೆ. ತೊಡಕು ಇರುವುದು ಇಲ್ಲೇ. ಎರಡು ತಂತುಕಟ್ಟುಗಳು ಒಂದನ್ನೊಂದು ದಾಟುವ ಕಡೆ ಯಾವುದು ಯಾವ ಕಡೆಗೆ ಹೋಯಿತೆಂದು ಯಂತ್ರಕ್ಕೆ ಗೊತ್ತಾಗದು. ಇಲ್ಲದ ದಾರಿಗಳೂ ಧಾರಾಳವಾಗಿ ಹುಟ್ಟಿಕೊಳ್ಳುತ್ತವೆ. ರಿಯಲ್-ಲೈಫ್ ಮಾಡುವುದು ತೋಟದಲ್ಲಿ ಕಂಬಚಿಗುರು ತೆಗೆಯುವಂಥ ಕೆಲಸ: ಸೊಂಪಾಗಿ ಬೆಳೆದಂತೆ ಕಂಡರೂ ಫಲ ಕೊಡದ ಎಳೆಯನ್ನು ಕಿತ್ತು ಹಾಕುವುದು. ಅಳೆದ ಸಂಕೇತವನ್ನು ವಿವರಿಸಲು ಪ್ರತಿ ಎಳೆ ಎಷ್ಟು ನೆರವಾಗುತ್ತದೆಂದು ಲೆಕ್ಕ ಹಾಕಿ, ನೆರವಾಗದ್ದನ್ನು ಅಳಿಸುತ್ತದೆ. ಈ ಉಪಾಯ ಲೈಫ್ ಎಂಬ ಹಳೆಯ ವಿಧಾನದಲ್ಲೇ ಇತ್ತು, ಆದರೆ ಅದು ತೀರಾ ನಿಧಾನ. ಬೆಂಗಳೂರಿನವರು ಅದನ್ನು ಗ್ರಾಫಿಕ್ಸ್ ಪ್ರೊಸೆಸರ್‌ಗೆ ಒಗ್ಗಿಸಿ ನೂರು ಪಟ್ಟಿಗೂ ಹೆಚ್ಚು ವೇಗ ತಂದರು. ವೇಗ ಬಂದದ್ದರಿಂದಲೇ ಹಳೆಯ ಲೆಕ್ಕದ ಕೊರತೆಗಳನ್ನು ಸರಿಪಡಿಸಲೂ ಆಯಿತು. ಹೊಸದನ್ನು ಕಂಡೆವೆಂದು ಸೇರಿಸುತ್ತಲೇ ಹೋಗುವ ಕಾಲದಲ್ಲಿ, ಇಷ್ಟು ಶ್ರಮಪಟ್ಟು ಅಳಿಸುವುದನ್ನು ಕಲಿಸಿದ ಕೆಲಸವಿದು. ನನಗೆ ಇದರ ಮೇಲೆ ಗೌರವ ಹುಟ್ಟಿದ್ದೇ ಅದಕ್ಕೆ.

ಆದರೂ ಒಂದು ಮಾತನ್ನು ಒತ್ತಿ ಹೇಳಬೇಕು. ಒಬ್ಬನೇ ವ್ಯಕ್ತಿಯನ್ನು ಎರಡು ಸಲ ಸ್ಕ್ಯಾನ್ ಮಾಡಿದರೆ ರಿಯಲ್-ಲೈಫ್ ಬಹುಮಟ್ಟಿಗೆ ಅದೇ ನಕ್ಷೆ ಕೊಡುತ್ತದೆ. ಇದು ದೊಡ್ಡ ಗುಣ. ಆದರೆ ತಪ್ಪು ಕೂಡ ಎರಡು ಸಲವೂ ಒಂದೇ ಥರ ಮರುಕಳಿಸಬಹುದು, ಹಾಗಾಗಿ ಸ್ಥಿರತೆಯನ್ನು ನಿಜಕ್ಕೆ ಸಾಕ್ಷಿಯೆಂದು ಹಿಡಿಯಲಾಗದು. ಮೊದಲೇ ಎಳೆಯದ ದಾರಿಯನ್ನು ಈ ವಿಧಾನ ಹೊಸದಾಗಿ ಹುಡುಕಿಕೊಡಲಾರದು. ಅಳತೆಯ ಅಂತರವನ್ನೂ ನೋಡಿ. ಮಾನವ ಮಿದುಳಿನ ಸಂಪರ್ಕ ಅಧ್ಯಯನಕ್ಕಾಗಿ ಅಮೆರಿಕದಲ್ಲಿ ಸಂಗ್ರಹಿಸಿದ ಪ್ರಸಿದ್ಧ ಸ್ಕ್ಯಾನ್‌ಗಳಲ್ಲಿ ಒಂದು ಘನಾಕಾರದ ಚುಕ್ಕೆಯ ಬದಿ 1.25 ಮಿಲಿಮೀಟರ್. ಹಾರ್ವರ್ಡ್ ಮತ್ತು ಗೂಗಲ್ ತಂಡ 2024ರಲ್ಲಿ ನಕ್ಷೆ ಮಾಡಿದ ಮಾನವ ಮಿದುಳಿನ ಚೂರು ಹೆಚ್ಚುಕಡಿಮೆ ಒಂದು ಘನ ಮಿಲಿಮೀಟರ್; ಅದರಲ್ಲೇ 57,000 ಜೀವಕೋಶಗಳು, ಸುಮಾರು 15 ಕೋಟಿ ಸಂಪರ್ಕಗಳು ಸಿಕ್ಕಿದವು. ಎಂ.ಆರ್.ಐ.ಯ ಒಂದು ಚುಕ್ಕೆಯೊಳಗೆ ಅಂಥ ಹೆಚ್ಚುಕಡಿಮೆ ಎರಡು ಚೂರುಗಳು ಹಿಡಿಸುತ್ತವೆ.

ಹಾಗೆಂದು ನೊಣದ ನಕ್ಷೆಯೇ ಕೊನೆಯ ಮಾತೂ ಅಲ್ಲ. 302 ನರಕೋಶಗಳ ಒಂದು ಹುಳುವಿನ ಸಂಪರ್ಕಗಳು 1986ರಲ್ಲೇ ಪ್ರಕಟವಾಗಿದ್ದವು. 2023ರಲ್ಲಿ ಅದರ ನರಕೋಶಗಳನ್ನು ಒಂದೊಂದಾಗಿ ಪ್ರಚೋದಿಸಿ ನೋಡಿದಾಗ, ಸಂಕೇತಗಳು ಹರಿದ ರೀತಿ ಆ ನಕ್ಷೆಯಿಂದ ಊಹಿಸಿದಂತೆ ಇರಲಿಲ್ಲ. ಸಂಪರ್ಕದ ಗೊಡವೆಯಿಲ್ಲದೆ ಕೋಶದಿಂದ ಕೋಶಕ್ಕೆ ಹರಡುವ ರಾಸಾಯನಿಕಗಳು ಅಲ್ಲಿ ಕೆಲಸ ಮಾಡುತ್ತಿದ್ದವು. ನೊಣದ ನಕ್ಷೆ ಇಷ್ಟು ಬೇಗ ಫಲ ಕೊಡುತ್ತಿರುವುದಕ್ಕೂ ಕಾರಣವಿದೆ. ಅದರ ವಾಸನೆ, ರುಚಿ, ನಡತೆಗಳನ್ನು ವಿಜ್ಞಾನಿಗಳು ದಶಕಗಳಿಂದ ಪರೀಕ್ಷಿಸಿದ್ದರು. ಮುಂದೆ ಬೆಂಗಳೂರಿನ ಎನ್.ಸಿ.ಬಿ.ಎಸ್. ಸಂಶೋಧನಾ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದಿಕಿ, ಅವರ ಜೊತೆಗಿದ್ದ ವೆರೋನಿಕಾ ರೋಡ್ರಿಗಸ್ 1970ರ ದಶಕದಲ್ಲೇ ವಾಸನೆ ಹಿಡಿಯಲಾಗದ ನೊಣಗಳನ್ನು ಬೇರ್ಪಡಿಸಿ ಅಧ್ಯಯನ ಮಾಡಿದ್ದರು.

ರಿಯಲ್-ಲೈಫ್‌ಗೆ ಬೇಕಾಗಿರುವುದೂ ಅಂಥ ದೀರ್ಘಕಾಲದ ಪರೀಕ್ಷೆಗಳ ಜೊತೆಯೇ. ತೋಟದ ಮನೆಗಳಲ್ಲಿ ಮಕ್ಕಳು ಊರು ಬಿಟ್ಟ ಮೇಲೆ ಉಳಿದ ಹಿರಿಯರ ಮರೆವು ಶುರುವಾದರೆ, ಹುದಿಕೇರಿಯವರು ಪರೀಕ್ಷೆಗೆಂದು ಮೈಸೂರಿನ ದಾರಿ ಹಿಡಿಯುತ್ತಾರೆ. ಅವರಿಗೆ ಬೇಕಾದ್ದು ಪ್ರತಿ ಎಳೆಯ ಹೆಸರಲ್ಲ. ಐದು ವರ್ಷದ ಹಿಂದಿನ ತಮ್ಮದೇ ನಕ್ಷೆಗೂ ಇವತ್ತಿನದಕ್ಕೂ ಏನು ವ್ಯತ್ಯಾಸವಾಗಿದೆ ಎಂಬುದು. ಅಂಥ ಹೋಲಿಕೆಗೆ ಈ ವಿಧಾನ ಹೇಳಿಮಾಡಿಸಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಟ್ಟುಕೊಂಡಿದೆ. ನೆನಪಿನ ಪರೀಕ್ಷೆಗಳೂ ಎಂ.ಆರ್.ಐ.ಯೂ ಅದರಲ್ಲಿವೆ. ಅಮೆರಿಕದ ಯುವಕರ ಸ್ಕ್ಯಾನ್‌ಗಳ ಮೇಲೆ ಬುದ್ಧಿಪರೀಕ್ಷೆಯ ಅಂಕಗಳನ್ನು ಊಹಿಸಿ ತೋರಿಸಿದ ವಿಧಾನ, ಹೊಲದಲ್ಲಿ ದುಡಿದು ವಯಸ್ಸಾದ ಶ್ರೀನಿವಾಸಪುರದವರ ಮಿದುಳಿನಲ್ಲಿ ಎಳೆ ಸವೆಯುವುದನ್ನು ನೆನಪು ಕೈಕೊಡುವ ಮೊದಲೇ ಹಿಡಿಯುತ್ತದೆಯೇ? ನಾನು ಇದರ ಬೆಲೆ ಕಟ್ಟುವುದು ಆ ಪರೀಕ್ಷೆಯಲ್ಲಿ.